ಹಿಡಿದ ದುಡ್ಡು ವಾಪಸ್ ಬಂತು, ಕಾರ್ಡ್ ಹೋಯಿತು

“ಅಕ್ಕಾ, ನೀವು ಐಟಿ ಫೈಲ್ ಮಾಡಿದ್ರಲ್ಲ, ಅದಕ್ಕೇ ನನ್ನ ಕಾರ್ಡ್ ಹೋಗಿದೆಯಂತೆ.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. 2024ರ ಡಿಸೆಂಬರ್‌ನ ಒಂದು ಸಂಜೆ. ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗ್ ಕೆಲಸ ಮುಗಿಸಿ, ಕಲ್ಕೆರೆಯ ಮನೆಗೆ ಹೋಗುವ ದಾರಿಯಲ್ಲಿ ನನ್ನ ಕೋಣೆಗೆ ಬಂದಿದ್ದರು. ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟ ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಐದು ತಿಂಗಳ ಹಿಂದೆ ನಾನೇ ಪ್ರಿಂಟ್ ಹಾಕಿಕೊಟ್ಟಿದ್ದ ಐಟಿ ರಿಟರ್ನ್‌ನ ಸ್ವೀಕೃತಿ ಪತ್ರ. ಮೂರನ್ನೂ ನನ್ನ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು, ಏನೂ ಹೇಳದೆ ನಿಂತರು.

ನಾನು 18 ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಸಂಬಳ ವಿಭಾಗದಲ್ಲಿದ್ದವಳು. ಈಗ ಹೊರಮಾವಿನಿಂದ ಅಗರದ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಕೋಣೆ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇದೆ. ಪಿಎಫ್ ಅರ್ಜಿ, ಪ್ಯಾನ್ ತಿದ್ದುಪಡಿ, ಐಟಿ ರಿಟರ್ನ್ ಇವೇ ನನ್ನ ಕೆಲಸ. ರಿಂಗ್ ರೋಡಿನ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುವವರೂ ನನ್ನ ಹತ್ತಿರ ಬರುತ್ತಾರೆ, ಅದೇ ಅಪಾರ್ಟ್‌ಮೆಂಟುಗಳ ಮೆಟ್ಟಿಲು ಒರೆಸುವವರೂ ಬರುತ್ತಾರೆ. ಫ್ಲ್ಯಾಟಿನವರಿಗೆ 40 ಸಾವಿರ ರಿಫಂಡ್ ಬಂದರೆ ಬೇರೇನೂ ಕಳೆದುಹೋಗುವುದಿಲ್ಲ. ಮೆಟ್ಟಿಲು ಒರೆಸುವವರಿಗೆ 7 ಸಾವಿರ ಬಂದರೆ ಏನೇನು ಕಳೆದುಹೋಗಬಹುದು ಎನ್ನುವುದು ಆ ಸಂಜೆಯವರೆಗೆ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಆಕೆಯ ಲೆಕ್ಕ ಹೀಗಿತ್ತು. ಗಾರ್ಮೆಂಟ್ಸ್‌ನಲ್ಲಿ 4 ವರ್ಷ 4 ತಿಂಗಳು ದುಡಿದು 2023ರಲ್ಲಿ ಕೆಲಸ ಬಿಟ್ಟರು. ಗಂಡನಿಗೆ ಬೆನ್ನಿನ ತೊಂದರೆ, ಅವರ ಗಾರೆ ಕೆಲಸ ನಿಂತಿತ್ತು. ಮನೆ ನಡೆಸಲು ಪಿಎಫ್ ಹಣ ತೆಗೆದರು. ಇದ್ದದ್ದು 71,400 ರೂಪಾಯಿ. 5 ವರ್ಷ ತುಂಬುವ ಮೊದಲು 50 ಸಾವಿರಕ್ಕಿಂತ ಹೆಚ್ಚು ಪಿಎಫ್ ತೆಗೆದರೆ ನೂರಕ್ಕೆ ಹತ್ತರಂತೆ ಟಿಡಿಎಸ್ ಹಿಡಿಯುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯ ನನಗಿಲ್ಲ ಎಂದು ಮೊದಲೇ 15ಜಿ ಅರ್ಜಿ ಕೊಟ್ಟಿದ್ದರೆ ಹಿಡಿಯುತ್ತಿರಲಿಲ್ಲ. ಆ ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ. 7,140 ರೂಪಾಯಿ ಹೋಯಿತು. ಆ ವರ್ಷ ಆಕೆಯ ಎಲ್ಲ ಆದಾಯ, ಪಿಎಫ್ ಕೂಡ ಸೇರಿಸಿದರೂ, ಎರಡೂವರೆ ಲಕ್ಷ ದಾಟಿರಲಿಲ್ಲ. ಅಂದರೆ ಕಟ್ಟಬೇಕಾದ ತೆರಿಗೆ ಸೊನ್ನೆ.

ಹಾಗೆ ಹಿಡಿದ ದುಡ್ಡನ್ನು ವಾಪಸ್ ಪಡೆಯಲು ಇರುವುದು ಒಂದೇ ದಾರಿ, ರಿಟರ್ನ್ ಸಲ್ಲಿಸುವುದು. 2024ರ ಜುಲೈನಲ್ಲಿ ನಾನೇ ಸಲ್ಲಿಸಿದೆ. ಹಿಡಿದ ತೆರಿಗೆಯ ವಿವರವಿರುವ 26ಎಎಸ್ ಪಟ್ಟಿಯಲ್ಲಿ ಆ 7,140 ತೋರಿಸಿ, “ಇದು ನಿಮ್ಮ ದುಡ್ಡು, ಬಿಡಬೇಡಿ” ಎಂದು ಒತ್ತಾಯ ಮಾಡಿದ್ದೂ ನಾನೇ. ಆಗಸ್ಟ್‌ನಲ್ಲಿ ಹಣ ಖಾತೆಗೆ ಬಂತು. ಮಗಳ ಶಾಲೆಯ ಬಾಕಿ ಕಟ್ಟಿದರು.

ನವೆಂಬರ್‌ನಲ್ಲಿ ನ್ಯಾಯಬೆಲೆ ಅಂಗಡಿಗೆ ಹೋದಾಗ ಹೆಬ್ಬೆಟ್ಟು ಒತ್ತಿದರೂ ರೇಷನ್ ಬರಲಿಲ್ಲ. “ನಿಮ್ಮದು ಐಟಿ ತೋರಿಸ್ತಿದೆ, ಎಪಿಎಲ್‌ಗೆ ಹಾಕಿದಾರೆ” ಎಂದರಂತೆ. ಅದರ ಬೆನ್ನಲ್ಲೇ, ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಬರುತ್ತಿದ್ದ 2,000 ರೂಪಾಯಿ ಕೂಡ ನಿಂತಿತು.

2024ರ ನವೆಂಬರ್ ಓದುಗರಿಗೆ ನೆನಪಿರಬಹುದು. ರಾಜ್ಯದಾದ್ಯಂತ ಬಿಪಿಎಲ್ ಕಾರ್ಡುಗಳು ರದ್ದಾದವು, ಎಪಿಎಲ್‌ಗೆ ಬದಲಾದವು. ಜನ ಬೀದಿಗೆ ಬಂದರು, ವಿರೋಧ ಪಕ್ಷಗಳು ಹಿಡಿದುಕೊಂಡವು. ಸರ್ಕಾರ ಹಿಂದೆ ಸರಿಯಿತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡು ಮುಟ್ಟುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಆಹಾರ ಸಚಿವ ಕೆ.ಎಚ್. ಮುನಿಯಪ್ಪ ಹೇಳಿದರು. ಎಲ್ಲರೂ ಸಮಾಧಾನಪಟ್ಟರು. ತೆರಿಗೆ ಕಟ್ಟುವವರಿಗೆ ಬಿಪಿಎಲ್ ಕಾರ್ಡು ಯಾಕೆ ಎನ್ನುವುದು ಯಾರಿಗಾದರೂ ನ್ಯಾಯವಾಗಿಯೇ ಕೇಳಿಸುವ ಮಾತು. ನನಗೂ ಹಾಗೇ ಕೇಳಿಸಿತ್ತು. ಆದರೆ ನನ್ನ ಮೇಜಿನ ಮೇಲೆ ಕಾರ್ಡಿಟ್ಟು ನಿಂತಿದ್ದ ಹೆಂಗಸು ಒಂದು ರೂಪಾಯಿ ಆದಾಯ ತೆರಿಗೆಯನ್ನೂ ಕಟ್ಟಿದವರಲ್ಲ. ತೆರಿಗೆ ಕಟ್ಟಬೇಕಿಲ್ಲದಿದ್ದರೂ ಅವರಿಂದ ಹಿಡಿದ ದುಡ್ಡನ್ನು ವಾಪಸ್ ಕೇಳಿದ್ದರು, ಅಷ್ಟೇ.

ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಈ ದೇಶದಲ್ಲಿ ರಿಟರ್ನ್ ಸಲ್ಲಿಸುವವರಲ್ಲಿ ಹೆಚ್ಚಿನವರು ತೆರಿಗೆ ಕಟ್ಟುವವರೇ ಅಲ್ಲ. 2022-23ರಲ್ಲಿ ಸುಮಾರು 7.4 ಕೋಟಿ ಮಂದಿ ರಿಟರ್ನ್ ಸಲ್ಲಿಸಿದ್ದರು. ಅವರಲ್ಲಿ ಸುಮಾರು 5.16 ಕೋಟಿ ಮಂದಿಯ ತೆರಿಗೆ ಸೊನ್ನೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಆಟೋ ಸಾಲಕ್ಕೆ ಹೋದರೆ “ಮೂರು ವರ್ಷದ ಐಟಿ ತನ್ನಿ” ಎನ್ನುತ್ತಾರೆ, ಹಾಗಾಗಿ ಆಟೋದವರು ಫೈಲ್ ಮಾಡಿಸುತ್ತಾರೆ. ಊಟದ ಪಾರ್ಸೆಲ್ ತಲುಪಿಸುವ ಹುಡುಗನಿಂದ, ಏಜೆನ್ಸಿ ಮೂಲಕ ಆಸ್ಪತ್ರೆಯಲ್ಲಿ ದುಡಿಯುವ ಆಯಾಳಿಂದ ಟಿಡಿಎಸ್ ಹಿಡಿದಿರುತ್ತಾರೆ, ಅದನ್ನು ಬಿಡಿಸಿಕೊಳ್ಳಲು ಅವರೂ ಬರುತ್ತಾರೆ. ಇವರೆಲ್ಲರ ಆಧಾರ್‌ಗೆ ಪ್ಯಾನ್ ಜೋಡಣೆಯಾಗಿದೆ, ರೇಷನ್ ಕಾರ್ಡಿಗೆ ಆಧಾರ್ ಜೋಡಣೆಯಾಗಿದೆ. ಎರಡು ಪಟ್ಟಿಗಳನ್ನು ಹೋಲಿಸುವಾಗ ಕಂಪ್ಯೂಟರ್ ಯಾವ ಕಾಲಂ ನೋಡುತ್ತದೆ ಎನ್ನುವುದರ ಮೇಲೆ ಒಂದು ಮನೆಯ ಅಕ್ಕಿ ನಿಂತಿದೆ.

ಗೃಹಲಕ್ಷ್ಮಿಯ ನಿಯಮವನ್ನೇ ನೋಡಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಯೋಜನೆ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು. ಜಿಎಸ್‌ಟಿಗೆ ರಿಟರ್ನ್ ಸಲ್ಲಿಸುವವರು ಎಂದಿದೆ, ಆದಾಯ ತೆರಿಗೆಗೆ ಪಾವತಿಸುವವರು ಎಂದಿದೆ. ನಿಯಮ ಬರೆದವರಿಗೆ ಈ ವ್ಯತ್ಯಾಸ ಗೊತ್ತಿತ್ತು. ಕೌಂಟರಿಗೆ ಬರುವ ಹೊತ್ತಿಗೆ ಅದು ಅಳಿಸಿಹೋಗಿದೆ. ಅಲ್ಲಿ ಒಂದೇ ಮಾತು: “ಐಟಿ ಬರ್ತಿದೆ.”

ರಿಫಂಡಿನ ಕಥೆ ಇದಾದರೆ, ಹಿಂಬಾಕಿ ಸಂಬಳದ್ದು ಇನ್ನೊಂದು. ಇದನ್ನು ನಾನು ಕಾರ್ಖಾನೆಯ ಒಳಗಿನಿಂದಲೇ ಕಂಡಿದ್ದೇನೆ. 2020ರ ಏಪ್ರಿಲ್‌ನಿಂದ ರಾಜ್ಯದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ 60 ಪೈಸೆ ತುಟ್ಟಿಭತ್ಯೆ ಏರಬೇಕಿತ್ತು. ಕೊರೊನಾ ಕಾರಣ ಹೇಳಿ ಸರ್ಕಾರ ಅದನ್ನು ಮುಂದೂಡಿತು. ಹೈಕೋರ್ಟ್ ಮಧ್ಯೆ ಬಂದು ಕೊಡಬೇಕು ಎಂದ ಮೇಲೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ದುಡ್ಡು ಅದು, ಮುಕ್ಕಾಲು ಪಾಲು ಹೆಂಗಸರದ್ದೇ. ಯೂನಿಯನ್‌ಗಳು ಹೋರಾಡಿ, ಹೊರದೇಶದ ಕಾರ್ಮಿಕ ಹಕ್ಕು ಸಂಘಟನೆಗಳು ಬ್ರ್ಯಾಂಡುಗಳ ಮೇಲೆ ಒತ್ತಡ ಹಾಕಿದ ಮೇಲೆ 2022ರಲ್ಲಿ ಬಾಕಿ ಬರಲು ಶುರುವಾಯಿತು. 20 ತಿಂಗಳಿಗೆ ಲೆಕ್ಕ ಹಾಕಿದರೆ ಒಬ್ಬರಿಗೆ 8,352 ರೂಪಾಯಿ. ಆ ಹಾಳೆಗಳನ್ನು ಟೈಪ್ ಮಾಡಿದ ನೆನಪು ಇನ್ನೂ ಬೆರಳಲ್ಲಿದೆ.

20 ತಿಂಗಳ ಬಾಕಿ ಕೂಲಿ ಅದು, ಒಂದೇ ತಿಂಗಳಲ್ಲಿ ಕೈಗೆ ಬಂತು. ಕೊಡಬೇಕಾದಾಗ ಕೊಡದೆ ಇದ್ದದ್ದು ಮಾಲೀಕರ ತಪ್ಪು. ಆದರೆ ಕಾಗದದ ಮೇಲೆ ಆ ವರ್ಷ ಕಾರ್ಮಿಕಳ ಆದಾಯ ಏರಿದ ಹಾಗೆ ಕಾಣಿಸುತ್ತದೆ. ಆದಾಯ ತೆರಿಗೆ ಇಲಾಖೆ ಕೂಡ ಇದನ್ನು ಅನ್ಯಾಯ ಎಂದು ಒಪ್ಪಿಕೊಂಡಿದೆ. ಹಿಂಬಾಕಿ ಬಂದರೆ ಒಂದು ಅರ್ಜಿ ಹಾಕಿ, ಅದನ್ನು ದುಡಿದ ವರ್ಷಗಳಿಗೆ ಹಂಚಿ ತೆರಿಗೆಯ ಹೊರೆ ಇಳಿಸಿಕೊಳ್ಳಬಹುದು. ಲಕ್ಷಗಟ್ಟಲೆ ಹಿಂಬಾಕಿ ಬಂದ ನೌಕರರು ಈ ಅವಕಾಶ ಬಳಸುತ್ತಾರೆ, ನಾನೇ ಎಷ್ಟೋ ಜನಕ್ಕೆ ಹಾಕಿಕೊಟ್ಟಿದ್ದೇನೆ. ರೇಷನ್ ಕಾರ್ಡಿನ ಆದಾಯಮಿತಿ ನೋಡುವಾಗ ಬಡವರಿಗೆ ಅಂಥದ್ದೊಂದು ಅರ್ಜಿ ಇಲ್ಲ.

ಆ ಮಿತಿಯಾದರೂ ಎಷ್ಟು? ವರ್ಷಕ್ಕೆ 1 ಲಕ್ಷ 20 ಸಾವಿರ, ಅದೂ ಇಡೀ ಕುಟುಂಬಕ್ಕೆ. ತಿಂಗಳಿಗೆ 10 ಸಾವಿರ ಆಯಿತು. ಹೊರಮಾವಿನಲ್ಲಿ ಒಂದು ಕೋಣೆ, ಅಡುಗೆಮನೆಯ ಶೀಟಿನ ಮನೆಗೆ ಬಾಡಿಗೆ, ಕರೆಂಟು, ಗ್ಯಾಸು ಕಟ್ಟಿದರೆ ಅದರಲ್ಲಿ ಉಳಿಯುವುದೆಷ್ಟು ಎಂದು ಈ ಭಾಗದ ಯಾರನ್ನಾದರೂ ಕೇಳಿ. ಈ ನಗರದಲ್ಲಿ ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ಕೂಲಿಯನ್ನು ಒಬ್ಬರು ತಿಂಗಳು ಪೂರ್ತಿ ದುಡಿದು ಪಡೆದರೂ ಮಿತಿ ದಾಟುತ್ತಾರೆ. ಹಾಗಾಗಿ ಬೆಂಗಳೂರಿನ ದುಡಿಯುವ ಬಡವರೆಲ್ಲ ಯಾವಾಗಲೂ ಮಿತಿಯ ಅಂಚಿನಲ್ಲಿ, ಯಾರಾದರೂ ಲೆಕ್ಕ ಕೇಳಿಯಾರು ಎನ್ನುವ ಅಳುಕಿನಲ್ಲಿ ಇರುತ್ತಾರೆ. ಒಂದು ಪಿಎಫ್, ಒಂದು ಗ್ರ್ಯಾಚುಟಿ, ಒಂದು ಬಾಕಿ ಕೂಲಿ ಬಂದರೆ ಸಾಕು, ಸಿಕ್ಕಿಬಿದ್ದಂತೆ.

ಇದಕ್ಕೆ ದಾರಿ ಇಲ್ಲದಿಲ್ಲ. ಬಡವರ ವಿಷಯದಲ್ಲಿ ಧಾರಾಳ ಎಂದು ಯಾರೂ ಹೇಳದ ಅಮೆರಿಕದಲ್ಲೂ ಕೇಂದ್ರ ತೆರಿಗೆಯ ರಿಫಂಡನ್ನು ನೆರವಿನ ಯೋಜನೆಗಳ ಅರ್ಹತೆಗೆ ಆದಾಯ ಎಂದು ಹಿಡಿಯುವ ಹಾಗಿಲ್ಲ, 12 ತಿಂಗಳವರೆಗೆ ಆಸ್ತಿ ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. 2010ರಲ್ಲಿ ತಾತ್ಕಾಲಿಕವಾಗಿ ತಂದ ಈ ಕಾನೂನನ್ನು 2013ರ ಆರಂಭದಲ್ಲಿ ಕಾಯಂ ಮಾಡಿದರು. ಅಲ್ಲಿ ಬಡ ವೃದ್ಧರು, ಅಂಗವಿಕಲರು ಪಡೆಯುವ ಮಾಸಾಶನಕ್ಕೆ ಒಬ್ಬರ ಉಳಿತಾಯ 2,000 ಡಾಲರ್ ಮೀರಬಾರದು ಎಂಬ ಬಿಗಿ ಮಿತಿಯಿದೆ. ಅದರಲ್ಲೂ ಮಾಸಾಶನದ ಹಿಂಬಾಕಿ ಒಟ್ಟಿಗೆ ಬಂದರೆ 9 ತಿಂಗಳು ಆ ಹಣವನ್ನು ಎಣಿಸುವುದಿಲ್ಲ. ತಡವಾಗಿ ಬಂದ ತನ್ನದೇ ದುಡ್ಡಿಗೆ ಮನುಷ್ಯನನ್ನು ದಂಡಿಸಬಾರದು ಎನ್ನುವಷ್ಟು ವಿವೇಕ ಆ ಕಾನೂನಿನಲ್ಲಿದೆ.

ನಮ್ಮಲ್ಲಿ ಮಾಡಬೇಕಾದ್ದು ಇದಕ್ಕಿಂತ ಸುಲಭ. ಪ್ರತಿ ರಿಟರ್ನ್‌ನಲ್ಲೂ ಕಟ್ಟಬೇಕಾದ ಒಟ್ಟು ತೆರಿಗೆ ಎಷ್ಟು ಎಂಬ ಸಾಲೊಂದಿದೆ. ಅಲ್ಲಿ ಸೊನ್ನೆ ಇದ್ದವರು ತೆರಿಗೆ ಪಾವತಿದಾರರಲ್ಲ. ಆಹಾರ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೇಂದ್ರದಿಂದ ಪಡೆಯಬೇಕಾದ್ದು ಆ ಒಂದು ಸಾಲಿನ ಮಾಹಿತಿ. ಪಿಎಫ್, ರಿಫಂಡ್, ಹಿಂಬಾಕಿ ಕೂಲಿಯನ್ನು ಆದಾಯಮಿತಿಯ ಲೆಕ್ಕದಿಂದ ಬಿಡಬೇಕು. ಮಿತಿಯನ್ನು ಕನಿಷ್ಠ ಕೂಲಿಗೆ ಹೊಂದಿಸಬೇಕು. ಕಾರ್ಡು ರದ್ದು ಮಾಡುವ ಮೊದಲು ಒಂದು ನೋಟಿಸ್, ಉತ್ತರ ಕೊಡಲು ಒಂದು ತಿಂಗಳು ಕೊಡಬೇಕು. ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು, ಅಕ್ಕಪಕ್ಕದವರ ಎದುರು, ಹೆಬ್ಬೆಟ್ಟು ಒತ್ತಿದ ಮೇಲೆ ಗೊತ್ತಾಗುವ ಸುದ್ದಿಯಲ್ಲ ಅದು.

ಅನರ್ಹರು ಬಿಪಿಎಲ್ ಕಾರ್ಡು ಇಟ್ಟುಕೊಂಡಿಲ್ಲವೇ ಎಂದು ಕೇಳುವವರಿದ್ದಾರೆ. ಇದ್ದಾರೆ, ನಾನೂ ಬಲ್ಲೆ. ಕಾರಿನಲ್ಲಿ ಬಂದು ಅಕ್ಕಿ ಒಯ್ಯುವವರನ್ನು ಹಿಡಿಯಲಿ. ಆದರೆ ನಗದಿನಲ್ಲೇ ವ್ಯವಹಾರ ಮಾಡಿ, ರಿಟರ್ನ್ ಎಂಬುದನ್ನೇ ಸಲ್ಲಿಸದವನು ಈ ಜರಡಿಯಲ್ಲಿ ಸಿಕ್ಕುವುದಿಲ್ಲ. ನೆಟ್ಟಗೆ ಪಿಎಫ್ ಕಟ್ಟಿ, ನೆಟ್ಟಗೆ ರಿಟರ್ನ್ ಸಲ್ಲಿಸಿದ ಹೆಂಗಸು ಸಿಕ್ಕುತ್ತಾಳೆ.

ಆ ಹೆಂಗಸಿನ ಜೊತೆ ನಾನು ಮೂರು ಸಲ ಆಹಾರ ಇಲಾಖೆಯ ಕಚೇರಿಗೆ ಹೋದೆ. ಮೂರು ಸಲವೂ ಆಕೆಯ ಅರ್ಧ ದಿನದ ಕೂಲಿ ಹೋಯಿತು. ರಿಟರ್ನ್‌ನ ಪ್ರತಿಯಲ್ಲಿ ತೆರಿಗೆ ಸೊನ್ನೆ ಎಂದಿರುವ ಸಾಲಿಗೆ ಹಸಿರು ಗೆರೆ ಎಳೆದು ತೋರಿಸಿದೆ. ಕೌಂಟರಿನಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿದರು. ತೆರಿಗೆ ಪಾವತಿದಾರರಲ್ಲ ಎಂದು ಐಟಿ ಕಚೇರಿಯಿಂದಲೇ ಪತ್ರ ತನ್ನಿ ಎಂದರು. ಆ ಪತ್ರಕ್ಕೆ ಅಲೆಯುತ್ತಿರುವಾಗಲೇ, 2025ರ ಫೆಬ್ರುವರಿಯಿಂದ ಬಿಪಿಎಲ್ ಕಾರ್ಡಿನವರಿಗೆ ಹೆಚ್ಚುವರಿ ಅಕ್ಕಿಯ ಹಣದ ಬದಲು ಅಕ್ಕಿಯನ್ನೇ ಸೇರಿಸಿ ತಲೆಗೆ 10 ಕೆ.ಜಿ. ಕೊಡುವುದು ಶುರುವಾಯಿತು. ನಾಲ್ಕು ಜನರ ಮನೆಗೆ ತಿಂಗಳಿಗೆ 40 ಕೆ.ಜಿ. ಆಕೆಯ ಪಾಲಿಗೆ ಅದೂ ಇಲ್ಲ, 2,000ವೂ ಇಲ್ಲ. ಗೃಹಲಕ್ಷ್ಮಿಯೊಂದನ್ನೇ ಲೆಕ್ಕ ಹಾಕಿದರೂ ವರ್ಷಕ್ಕೆ 24 ಸಾವಿರ. ವಾಪಸ್ ಬಂದದ್ದು 7,140.

ಈಗ ಯಾರೇ ರಿಫಂಡ್ ಕೇಳಿಕೊಂಡು ಬಂದರೂ ನಾನು ಮೊದಲು ಕೇಳುವುದು ಪ್ಯಾನ್ ಅಲ್ಲ, ರೇಷನ್ ಕಾರ್ಡು. ಬಿಪಿಎಲ್ ಇದ್ದರೆ, ಹೀಗೂ ಆಗಬಹುದು, ಯೋಚನೆ ಮಾಡಿ ಎಂದು ಹೇಳುತ್ತೇನೆ. ಹೇಳಲು ನನಗೆ ನೋವಾಗುತ್ತದೆ, ಹೇಳದಿದ್ದರೆ ತಪ್ಪಾಗುತ್ತದೆ. ಕಳೆದ ಜುಲೈನಲ್ಲಿ ಆ ಮಾತು ಕೇಳಿ, “ಬೇಡ ಬಿಡಿ ಅಕ್ಕಾ, ಇರೋದೂ ಹೋದೀತು” ಎಂದು ಕಾಗದ ಮಡಿಸಿಕೊಂಡು ಎದ್ದು ಹೋದವರು ಏಳು ಮಂದಿ. ಅವರಿಂದ ಹಿಡಿದ ದುಡ್ಡು ಸರ್ಕಾರದ ಹತ್ತಿರವೇ ಇದೆ.