ಕಿವಿ ಮುಚ್ಚುವ ಗರ್ವ



ಬೆಳುಗುಪ್ಪದಿಂದ ಕಲ್ಯಾಣದುರ್ಗ ದಾಟಿ ಹಿಂದೂಪುರದ ಕಡೆಗೆ ಹೋದವರಲ್ಲಿ ಅನೇಕರು ಪೆನುಕೊಂಡೆಯ ಬೆಟ್ಟವನ್ನೂ ಅದರ ಕೋಟೆಯನ್ನೂ ನೋಡಿರುತ್ತೀರಿ. 1565ರ ಜನವರಿಯಲ್ಲಿ ವಿಜಯನಗರದ ಸೈನ್ಯ ಸೋತು ರಾಮರಾಯನು ಮಡಿದ ಮೇಲೆ ಅವನ ತಮ್ಮ ತಿರುಮಲರಾಯನು ಬಂದು ನೆಲೆ ನಿಂತದ್ದು ಇಲ್ಲಿಯೇ. ಸದಾಶಿವರಾಯನಿಗೆ ಅರಸನೆಂಬ ಹೆಸರನ್ನು ಮಾತ್ರ ಉಳಿಸಿ, ಅಧಿಕಾರವನ್ನೆಲ್ಲ ರಾಮರಾಯನೇ ನಡೆಸುತ್ತಿದ್ದನು. ನೆರೆಯ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಗೆಲ್ಲುತ್ತ ಬಂದವನ ಎದುರಿಗೆ ಕಡೆಗೆ ಅವರು ಒಂದಾಗಿ ನಿಂತರು. ಆ ಸೋಲಿಗೆ ಕಾರಣಗಳು ಹಲವು. ತನ್ನ ಬಲದ ಮೇಲಿನ ಅತಿಯಾದ ನೆಚ್ಚಿಕೆಯೂ ಅವುಗಳಲ್ಲಿ ಒಂದೆಂದು ಹೇಳುವವರಿದ್ದಾರೆ.

ಸತ್ಯವೇದದಲ್ಲಿ ನಮಗೆ ಇದಕ್ಕಿಂತ ಹತ್ತಿರವಾದ ಸಂಗತಿಯಿದೆ. ಅರಸುಗಳ ಮೊದಲನೆಯ ಪುಸ್ತಕದ 12ನೆಯ ಅಧ್ಯಾಯವನ್ನು ಮನೆಯಲ್ಲಿ ಕೂಡಿ ಓದಿರಿ. ಅದು ದುಡಿಯುವವರ ಕಥೆ. ಸೊಲೊಮೋನನು ದೇವಾಲಯವನ್ನೂ ಅರಮನೆಯನ್ನೂ ಕಟ್ಟಿಸುವಾಗ ಜನರಿಂದ ಬಿಟ್ಟಿ ಕೆಲಸ ಮಾಡಿಸಿದ್ದನು. ಅವನು ತೀರಿಕೊಂಡ ಮೇಲೆ ಜನರು ಶೆಕೆಮಿನಲ್ಲಿ ಕೂಡಿ, ನೊಗವನ್ನು ಹಗುರಮಾಡಬೇಕೆಂದು ಅವನ ಮಗನಾದ ರೆಹಬ್ಬಾಮನನ್ನು ಕೇಳಿಕೊಂಡರು. ಅವನು ಮೂರು ದಿನದ ವಾಯಿದೆ ಪಡೆದನು. ಹಿರಿಯರು, ಜನರಿಗೆ ಸೇವಕನಾಗಿ ಒಳ್ಳೆಯ ಮಾತಾಡು, ಅವರು ನಿನ್ನವರಾಗಿರುವರು ಎಂಬ ಬುದ್ಧಿ ಹೇಳಿದರು. ಜೊತೆಯಲ್ಲಿ ಬೆಳೆದ ಗೆಳೆಯರು, ಇನ್ನೂ ಬಿಗಿಮಾಡು ಎಂದು ಹುರಿದುಂಬಿಸಿದರು. ರೆಹಬ್ಬಾಮನಿಗೆ ಹಿಡಿಸಿದ್ದು ಗೆಳೆಯರ ಮಾತು. ಹನ್ನೆರಡು ಕುಲಗಳಲ್ಲಿ ಹತ್ತು ಅವನನ್ನು ಬಿಟ್ಟುಹೋದವು. ಬಿಟ್ಟಿ ಕೆಲಸದ ಮೇಲ್ವಿಚಾರಕನನ್ನು ಕಳುಹಿಸಿದಾಗ ಜನರು ಅವನನ್ನು ಕಲ್ಲೆಸೆದು ಕೊಂದರು. ಅರಸನು ರಥವೇರಿ ಯೆರೂಸಲೇಮಿಗೆ ಓಡಿಹೋದನು.

ರೆಹಬ್ಬಾಮನಿಗೆ ಬುದ್ಧಿ ಹೇಳುವವರ ಕೊರತೆಯಿರಲಿಲ್ಲ. ಕೇಳುವ ಕಿವಿಯ ಕೊರತೆಯಿತ್ತು. ಗರ್ವವು ಮನುಷ್ಯನಲ್ಲಿ ಮೊದಲು ಮುಚ್ಚುವುದು ಕಿವಿಯನ್ನೇ.

ಇದು ಅರಸರಿಗೂ ಧಣಿಗಳಿಗೂ ಹೇಳಿದ ಮಾತು, ಕೂಲಿಯವರಾದ ನಮಗೇನು ಎನ್ನಬೇಡಿರಿ. ನಿನ್ನೆ ನಮ್ಮ ಪಕ್ಕದಲ್ಲೇ ಬುಟ್ಟಿ ಹೊತ್ತವನು ಇಂದು ಮೇಸ್ತ್ರಿಯಾದರೆ ಅವನ ದನಿ ಬದಲಾಗುವುದನ್ನು ನಾವು ಕಂಡಿಲ್ಲವೇ? ಮಳೆ ಕೈಕೊಟ್ಟ ಊರಿನಿಂದ ಮಕ್ಕಳನ್ನು ಕಟ್ಟಿಕೊಂಡು ಹೊಸದಾಗಿ ಬಂದ ಸಂಸಾರಕ್ಕೆ ಲೈನಿನ ನಲ್ಲಿಯಲ್ಲಿ ಕಡೆಯ ಸರದಿ. ಪ್ರಾರ್ಥನೆಯಲ್ಲೂ ಅವರಿಗೆ ಹಿಂದಿನ ಚಾಪೆ. ಕುಲ ಕೇಳಿ ಲೋಟ ಕೊಡುವವರೂ ಇದ್ದಾರೆ. ಅವರು ಬಾಯಿ ತೆರೆದರೆ, ನಿನ್ನೆ ಬಂದವರಿಗೆ ಏನು ಗೊತ್ತು ಎಂಬ ಮಾತು. ಹೀಗೆ ಅನ್ನುವವರೂ ಒಂದು ದಿನ ಗಂಟು ಮೂಟೆ ಹೊತ್ತು ಹೊಸಬರಾಗಿಯೇ ಬಂದವರಲ್ಲವೇ? ಹೊಟ್ಟೆತುಂಬಿ ಒಳ್ಳೆಯ ಮನೆಯಲ್ಲಿ ವಾಸಿಸುವಾಗ, ಐಗುಪ್ತದ ದಾಸತ್ವದಿಂದ ಬಿಡಿಸಿದ ದೇವರನ್ನು ಮರೆಯದಂತೆ ಇಸ್ರಾಯೇಲರಿಗೆ ಮೋಶೆ ಎಚ್ಚರ ಹೇಳಿದ್ದು ಇದಕ್ಕಾಗಿಯೇ.

ಉಜ್ಜೀಯ ಅರಸನನ್ನೂ ನೆನೆಯಿರಿ. ಅವನು ವ್ಯವಸಾಯವನ್ನು ಪ್ರೀತಿಸಿದವನು, ಅಡವಿಯಲ್ಲಿ ಬಾವಿಗಳನ್ನು ತೋಡಿಸಿದವನು. ನೀರಿನ ಬೆಲೆ ಬಲ್ಲ ನಮ್ಮ ಸೀಮೆಯವರು ಅಂಥವನನ್ನು ಮೆಚ್ಚದೆ ಇರಲಾರರು. ದೇವರ ಸಹಾಯದಿಂದ ಬಲಗೊಂಡ ಮೇಲೆಯೇ ಅವನ ಮನಸ್ಸು ಉಬ್ಬಿತು. ಯಾಜಕರಿಗೆ ಮಾತ್ರ ಸಲ್ಲುವ ಧೂಪಾರ್ಪಣೆಗೆ ತಾನೇ ಹೊರಟನು. ಎಂಬತ್ತು ಮಂದಿ ಯಾಜಕರು ಅಡ್ಡ ನಿಂತು ಹೇಳಿದರೂ ಕೇಳದೆ ಸಿಟ್ಟಾದನು. ಅವನ ಕಡೆಯ ದಿನಗಳು ಜನರಿಂದ ದೂರವಾಗಿ, ಪ್ರತ್ಯೇಕವಾದ ಮನೆಯಲ್ಲಿ ಕಳೆದವು. ಮಾಡಿದ ಒಳ್ಳೆಯ ಕೆಲಸವೂ ಗರ್ವಕ್ಕೆ ಗೊಬ್ಬರವಾಗಬಲ್ಲದು.

ಆದರೆ ದೀನತೆಯೆಂದರೆ ಅನ್ಯಾಯಕ್ಕೆ ತಲೆಬಾಗಿ ಸುಮ್ಮನಿರುವುದೆಂದು ಯಾರೂ ತಿಳಿಯಬಾರದು. ಭೂಮಿಯ ಮೇಲಿನ ಎಲ್ಲರಿಗಿಂತ ಸಾತ್ವಿಕನೆಂದು ಸತ್ಯವೇದ ಹೇಳುವ ಮೋಶೆಯೇ, ಇಟ್ಟಿಗೆ ಕೊಯ್ಯುತ್ತಿದ್ದ ತನ್ನ ಜನರಿಗಾಗಿ ಫರೋಹನ ಎದುರಿಗೆ ನಿಂತು ಮಾತಾಡಿದನು. ಹಾಜರಿ ತಪ್ಪಿದರೆ, ಬಟವಾಡೆಯಲ್ಲಿ ಕೂಲಿ ಕಡಿಮೆಯಾದರೆ ಕೇಳುವುದು ಅಹಂಕಾರವಲ್ಲ. ನೊಗ ಹಗುರಮಾಡೆಂದು ಕೇಳಿದವರು ಗರ್ವಿಗಳಾಗಿರಲಿಲ್ಲ; ಕೇಳಿಸಿಕೊಳ್ಳದವನು ಗರ್ವಿಯಾಗಿದ್ದನು.

ಮುಂದಿನ ಕೂಟದಲ್ಲಿ ಒಂದು ಕೆಲಸ ಮಾಡೋಣ. ಎಲ್ಲರಿಗಿಂತ ಕಡೆಗೆ ಬಂದ ಸಂಸಾರದವರನ್ನು ಮುಂದಿನ ಚಾಪೆಗೆ ಕರೆದು, ಅವರ ಕಷ್ಟವನ್ನು ಮೊದಲು ಕೇಳೋಣ. ಮೇಸ್ತ್ರಿಗಳಾದ ಸಹೋದರರು ಆ ಹೊತ್ತು ಮಾತಾಡದೆ ಕೇಳಲಿ. ಶಿಷ್ಯರ ಕಾಲು ತೊಳೆದ ಕರ್ತನು ನಮ್ಮ ಕಿವಿಗಳನ್ನು ತೆರೆಯಲಿ.