ಬಾರದ ಪಾರ್ಸೆಲಿನ ಓಲೆ

ಅಂಚೆಯವನ ಕರೆ ಕೇಳಿದೊಡನೆ ಹಿಗ್ಗುವುದು ನಮ್ಮ ಹಳೆಯ ಅಭ್ಯಾಸ. ಆ ಹಿಗ್ಗನ್ನೇ ಬಂಡವಾಳ ಮಾಡಿಕೊಂಡವರು ಈಗ ಹುಟ್ಟಿಕೊಂಡಿದ್ದಾರೆ. ‘ತಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಅಪೂರ್ಣವಾದುದರಿಂದ ಬಟವಾಡೆ ಸಾಧ್ಯವಾಗಲಿಲ್ಲ, 48 ಗಂಟೆಗಳೊಳಗೆ ಸರಿಪಡಿಸದಿದ್ದರೆ ಹಿಂದಿರುಗಿಸಲಾಗುವುದು’ ಎಂಬಂತಹ ಒಕ್ಕಣೆ ಇ-ಮೇಲಿನಲ್ಲೋ ಮೊಬೈಲಿನಲ್ಲೋ ಬರುತ್ತದೆ. ಕೆಳಗೊಂದು ಕೊಂಡಿ. ಒತ್ತಿದರೆ ಅಂಚೆ ಇಲಾಖೆಯ ಪುಟವನ್ನೇ ಹೋಲುವ ಪುಟ. ಮರುಬಟವಾಡೆಗೆಂದು ಕೇಳುವುದು ಇಪ್ಪತ್ತೈದೋ ಮೂವತ್ತೋ ರೂಪಾಯಿ.

ಇಷ್ಟು ಅಲ್ಪ ಮೊತ್ತಕ್ಕೆ ಯಾರು ಅನುಮಾನಿಸಿಯಾರು? ಆದರೆ ಆ ಹಣ ಗಾಳಕ್ಕೆ ಚುಚ್ಚಿದ ಎರೆಹುಳು ಮಾತ್ರ. ವಂಚಕನಿಗೆ ಬೇಕಾದುದು ತಮ್ಮ ಬ್ಯಾಂಕ್ ಕಾರ್ಡಿನ ಸಂಖ್ಯೆ ಮತ್ತು ಅದರ ಬೆನ್ನಿಗೇ ಬರುವ ಒ.ಟಿ.ಪಿ. ವಿಳಾಸ ತಿದ್ದಿರೆಂದು ಅಂಚೆ ಇಲಾಖೆ ಇಂತಹ ಸಂದೇಶಗಳನ್ನು ಕಳುಹಿಸುವುದೇ ಇಲ್ಲವೆಂದು ಕೇಂದ್ರ ಸರಕಾರದ ಪಿ.ಐ.ಬಿ. 2024ರಲ್ಲಿ ಸ್ಪಷ್ಟಪಡಿಸಿದೆ.

ಕಳ್ಳ ವಿಳಾಸವನ್ನು ಗುರುತಿಸಲು ನಮ್ಮ ವ್ಯಾಕರಣವೇ ನೆರವಾಗುತ್ತದೆ. ತತ್ಪುರುಷ ಸಮಾಸದಲ್ಲಿ ಉತ್ತರಪದಕ್ಕೇ ಪ್ರಾಧಾನ್ಯ. ಅರಮನೆ ಎಂಬುದು ಮನೆಯೇ ಹೊರತು ಅರಸನಲ್ಲ. ಅಂತರ್ಜಾಲದ ವಿಳಾಸವೂ ಹಾಗೆಯೇ. ಮೊದಲ ಒಂಟಿ ಓರೆಗೆರೆಗಿಂತ ಮುಂಚಿನ ಕೊನೆಯ ಪದಗಳು ಒಡೆಯನಾರೆಂದು ಹೇಳುತ್ತವೆ. ಅಂಚೆ ಇಲಾಖೆಯ ವಿಳಾಸ ‘ಇಂಡಿಯಾಪೋಸ್ಟ್ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಮೊದಲಲ್ಲಿ ‘ಇಂಡಿಯಾಪೋಸ್ಟ್’ ಎಂದಿದ್ದು ಕೊನೆಯಲ್ಲಿ ‘ಡಾಟ್ ಟಾಪ್’ ಎಂದಿದ್ದರೆ ಅರಸನ ಹೆಸರಿನಲ್ಲಿ ಕಳ್ಳನ ಮನೆ!

ಇದಕ್ಕಿಂತಲೂ ಕ್ಷೇಮಕರ ಮಾರ್ಗವೆಂದರೆ ಕೊಂಡಿಯನ್ನು ಮುಟ್ಟದಿರುವುದು. ಸ್ಪೀಡ್ ಪೋಸ್ಟಿನ ಸಂಖ್ಯೆಗೆ 13 ಸ್ಥಾನಗಳು: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’. ಕಳುಹಿಸಿದವರ ರಸೀದಿಯಲ್ಲಿ ಅದಿರುತ್ತದೆ. ಅವರನ್ನೇ ಕೇಳಿ ಪಡೆದು, ಇಲಾಖೆಯ ಪುಟವನ್ನು ತಾವೇ ತೆರೆದು ನೋಡಬಹುದು. ಇಲ್ಲವೇ ಬಡಾವಣೆಯ ಅಂಚೆ ಕಚೇರಿಯಲ್ಲಿ ವಿಚಾರಿಸಬಹುದು.

ಹಣ ಹೋದುದು ತಿಳಿದೊಡನೆ ನಾಚಿಕೆಯಿಂದ ಮುಚ್ಚಿಡದೆ ಬ್ಯಾಂಕಿಗೂ 1930ಕ್ಕೂ ದೂರವಾಣಿ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವ ಹೆಚ್ಚು.

ಈ ಬಲೆಗೆ ಸುಲಭವಾಗಿ ಬೀಳುವವರು ಆಸೆಬುರುಕರಲ್ಲ. ದೂರದ ಮಗನೋ ಮಗಳೋ ಕಳುಹಿಸಿದ ಪಾರ್ಸೆಲಿಗಾಗಿ ನಿಜವಾಗಿಯೂ ಕಾಯುತ್ತಿರುವ ಹಿರಿಯರು. ಆದುದರಿಂದ ವಾಚಕ ಮಹಾಶಯರೇ, ಈ ಪುಟವನ್ನು ಮಗುಚುವ ಮೊದಲು ಮನೆಯ ಹಿರಿಯರಿಗೊಮ್ಮೆ ಓದಿ ಹೇಳಿರಿ. ಪಾರ್ಸೆಲ್ ಕಳುಹಿಸುವ ಮಕ್ಕಳು ರಸೀದಿಯ ಸಂಖ್ಯೆಯನ್ನು ಅಂದೇ ತಾಯಿತಂದೆಯರಿಗೆ ತಿಳಿಸಲಿ.