ಬೆಟ್ಟದ ಅರಮನೆಯೂ ಕಂಪೆನಿಯವರ ಕೂಟವೂ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ ಒಂದು ವಾದವೆದ್ದಿತು. ಅರಸರು ಕಟ್ಟಿಸಿದ ಅರಮನೆಗಳು ಹೋಟೆಲುಗಳಾಗಿ, ಬೆಂಗಳೂರಿನ ಕಂಪೆನಿಗಳವರು ಅಲ್ಲಿಗೆ ಬಂದು ಎರಡು ದಿನ ತಂಗಿ ಆಲೋಚನೆ ನಡೆಸುವುದು ಯುಕ್ತವೇ ಎಂಬುದೇ ಆ ವಾದ. ಮಿತ್ರರೊಬ್ಬರು, ರಾಜವಂಶದವರು ಬಾಳಿದ ಮನೆಯಲ್ಲಿ ವರ್ತಕರು ಕುಳಿತು ಲಾಭನಷ್ಟದ ಲೆಕ್ಕ ಹಾಕುವುದು ಅಪಚಾರವೆಂದರು. ಮತ್ತೊಬ್ಬರು, ಹತ್ತು ಹನ್ನೆರಡು ಜನರ ಕೂಟದಿಂದ ಏನು ಹುಟ್ಟೀತು, ಸಾವಿರ ಎಲೆಯ ಮದುವೆಗಳಿಗೆ ಕೊಟ್ಟರಲ್ಲವೆ ಕಟ್ಟಡ ಉಳಿದೀತು ಎಂದರು. ಇಬ್ಬರ ಮಾತೂ ತಪ್ಪೆಂದು ನನ್ನ ದೃಢವಾದ ನಂಬಿಕೆ. ಬೆಟ್ಟದ ಮೇಲಣ ಅರಮನೆಯು ಮಂತ್ರಾಲೋಚನೆಗೆ ತಕ್ಕ ಸ್ಥಳ. ಆದರೆ ಸಣ್ಣ ಕೂಟಕ್ಕೆ ಮಾತ್ರವೇ ತಕ್ಕ ಸ್ಥಳ.

ಮೊದಲನೆಯ ಮಿತ್ರರಿಗೆ ಶಾಸ್ತ್ರದಿಂದಲೇ ಉತ್ತರ ಹೇಳುವೆನು. ಅರಸನು ಎಲ್ಲಿ ಕುಳಿತು ಆಲೋಚಿಸಬೇಕೆಂಬುದನ್ನು ಹೇಳುವಾಗ ಮನುಸ್ಮೃತಿಯ ಏಳನೆಯ ಅಧ್ಯಾಯವು ಬೆಟ್ಟದ ನೆತ್ತಿಯನ್ನೂ, ಪ್ರಾಸಾದದ ಏಕಾಂತವನ್ನೂ, ನಿರ್ಜನವಾದ ಅರಣ್ಯವನ್ನೂ ಹೆಸರಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಮುಂದೆ ಹೋಗಿ, ಹಕ್ಕಿಗಳ ಕಣ್ಣಿಗೂ ಬೀಳದ ಎಡೆಯನ್ನು ಆರಿಸಬೇಕೆಂದು ವಿಧಿಸುತ್ತದೆ. ಆ ಗ್ರಂಥದ ತಾಳೆಯೋಲೆಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳೇ ಎಂಬುದನ್ನು ಮರೆಯಬಾರದು. ಒಬ್ಬನೊಡನೆ ಆಲೋಚಿಸಿದರೆ ತೊಡಕಾದ ವಿಷಯ ಬಗೆಹರಿಯದು; ಇಬ್ಬರಾದರೆ ಅವರು ಒಂದಾಗಿ ಅರಸನನ್ನು ಕಟ್ಟಿಹಾಕುವರು, ಇಲ್ಲವೆ ಜಗಳವಾಡಿ ಕಾರ್ಯವನ್ನು ಕೆಡಿಸುವರು; ಮೂವರು ನಾಲ್ವರಾದರೆ ಒಳಿತು; ಅದಕ್ಕೂ ಮಿಕ್ಕರೆ ನಿರ್ಣಯವೂ ಕಷ್ಟ, ಗುಟ್ಟು ನಿಲ್ಲುವುದೂ ಕಷ್ಟ ಎಂಬುದು ಅಲ್ಲಿನ ತಾತ್ಪರ್ಯ. ನೂರಾರು ಮನೆಗಳ ಅನ್ನ ಇಂದು ಒಂದು ಕಂಪೆನಿಯ ನಿರ್ಣಯವನ್ನು ಅವಲಂಬಿಸಿರುವಾಗ, ಅದರ ಮುಖ್ಯಸ್ಥರು ಗದ್ದಲ ಬಿಟ್ಟು ಬೆಟ್ಟ ಹತ್ತಿ ಯೋಚಿಸಿದರೆ ಅದರಲ್ಲಿ ಅಪಚಾರವೇನು?

ಅರಮನೆಯೆಂದರೆ ಗರ್ಭಗುಡಿಯಲ್ಲ. ಲಲಿತಮಹಲಿನ ಕಟ್ಟಡ 1921ರಲ್ಲಿ ಆರಂಭವಾದುದೇ ವೈಸರಾಯರ ಬಿಡಾರಕ್ಕಾಗಿ. 1974ರಲ್ಲಿ ಅದು ಹೋಟೆಲಾಯಿತು. ಅತಿಥಿಗಳಿಗೆಂದು ಕಟ್ಟಿದ ಮನೆಗೆ ಅತಿಥಿಗಳೇ ಬಂದರು. ನೀಲಗಿರಿಯ ಫರ್ನ್‌ಹಿಲ್ ನಮ್ಮ ಅರಸರ ಬೇಸಗೆಯ ಬೀಡಾಗಿದ್ದು ಮುಂದೆ ಹೋಟೆಲಾಯಿತು. ಚಾಮುಂಡಿಬೆಟ್ಟದ ರಾಜೇಂದ್ರವಿಲಾಸವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ಈಗಿನ ರೂಪ ತಳೆದು, ಮುಂದೆ ಕೆಲವು ಕಾಲ ಹೋಟೆಲಾಗಿ ನಡೆದು ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲಿನಿಂದ ಯಾರ ಗೌರವ ಹೆಚ್ಚಿತು? ಒಲೆ ಹೊತ್ತದ ಮನೆಗೆ ಗೆದ್ದಲೇ ಒಡೆಯ. ವರ್ಷಕ್ಕೊಮ್ಮೆ ಸೂರು ತಿದ್ದಿಸುವಷ್ಟು ಹಣವಾದರೂ ಮನೆಯಿಂದಲೇ ಹುಟ್ಟಬೇಕಷ್ಟೆ.

ಹಾಗಾದರೆ ಮದುವೆಗಳೇ ಆಗಲಿ ಎನ್ನುವ ಎರಡನೆಯ ಮಿತ್ರರು ಬೆಟ್ಟದ ಶಕ್ತಿಯನ್ನು ಅಳೆದಿಲ್ಲ. ಸಾವಿರ ಜನರಿಗೆ ನೀರು ಕೆಳಗಿನಿಂದ ಮೇಲೇರಬೇಕು. ಎಂಜಲೆಲೆ ಮೇಲಿನಿಂದ ಕೆಳಗಿಳಿಯಬೇಕು. ಇನ್ನೂರು ಮುನ್ನೂರು ಮೋಟಾರುಗಳಿಗೆ ಇಳಿಜಾರನ್ನು ಕಡಿದು ಎಡೆ ಮಾಡಬೇಕು. 2021ರ ಮಳೆಯಲ್ಲಿ ಚಾಮುಂಡಿಬೆಟ್ಟದ ನಂದಿಯ ದಾರಿ ಕುಸಿದುದನ್ನು ಕಂಡವರು ಈ ಮಾತನ್ನು ಆಡಲಾರರು. ಲೆಕ್ಕದ ದೃಷ್ಟಿಯಿಂದಲೂ ಅವರ ವಾದ ನಿಲ್ಲದು. ಮದುವೆಗೆ ಮುಹೂರ್ತ ಬೇಕು. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮುಹೂರ್ತವಿಲ್ಲ. ಆಲೋಚನೆಗೆ ಪಂಚಾಂಗದ ಕಟ್ಟಿಲ್ಲ. ಸೋಮವಾರದಿಂದ ಗುರುವಾರದವರೆಗೆ ಬರಿದಾಗಿರುವ ಕೊಠಡಿಗಳನ್ನು ಹದಿನೈದು ಜನರ ಕೂಟ ತುಂಬಬಲ್ಲುದು; ಹೊಸ ಮಂಟಪವನ್ನು ಕಟ್ಟುವ ಅಗತ್ಯವಿಲ್ಲ. ಚಾಮುಂಡಿಬೆಟ್ಟದಲ್ಲಾದರೆ ಆಷಾಢದ ಶುಕ್ರವಾರಗಳನ್ನು ಭಕ್ತರಿಗೆ ಬಿಟ್ಟುಕೊಟ್ಟರಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ಕಂಪೆನಿಯವರು ಮಾಡುವುದೆಲ್ಲವೂ ಸರಿಯೆಂದು ನಾನು ಒಪ್ಪಿದಂತಾಗದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಇಂತಹ ಒಂದು ಕೂಟವನ್ನು ಮುಗಿಸಿಕೊಂಡು, ಹುಣಸೂರಿನ ಮಾರ್ಗವಾಗಿ ಊರಿಗೆ ಹೋಗುತ್ತಾ ನನ್ನ ಮನೆಗೆ ಬಂದಿದ್ದನು. ಎಪ್ಪತ್ತು ಜನರಂತೆ, ಹಗ್ಗಜಗ್ಗಾಟವಂತೆ, ನಡುರಾತ್ರಿಯವರೆಗೆ ಧ್ವನಿವರ್ಧಕದ ಅಬ್ಬರವಂತೆ. “ಮೇಷ್ಟ್ರೇ, ಎರಡು ದಿನದಲ್ಲಿ ನಾವು ಕೆಲಸದ ಮಾತಾಡಿದ್ದು ಒಂದೂವರೆ ಗಂಟೆ” ಎಂದು ಅವನೇ ನಾಚಿ ಹೇಳಿದನು. ಇದು ಮಂತ್ರಾಲೋಚನೆಯಲ್ಲ, ಜಾತ್ರೆ. ಜಾತ್ರೆಗೆ ಊರಾಚೆಯ ಬಯಲು ಸಾಕು. ಆದುದರಿಂದ ಇಪ್ಪತ್ತಕ್ಕೆ ಮೇಲ್ಪಟ್ಟ ಕೂಟಕ್ಕೆ ಬೆಟ್ಟದ ಅರಮನೆಯನ್ನು ಕೊಡತಕ್ಕುದಲ್ಲ. ಧ್ವನಿವರ್ಧಕವನ್ನು ಹೆಬ್ಬಾಗಿಲಿನೊಳಕ್ಕೆ ಬಿಡತಕ್ಕುದಲ್ಲ.

ಮತ್ತೊಂದು ನಿಬಂಧನೆಯನ್ನು ನಮ್ಮ ಸೀಮೆಯ ಅನುಭವವೇ ಕಲಿಸಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಅರಸರ ಬೇಟೆಯ ಬಂಗಲೆಯಿದ್ದ ಎಡೆ ಇಂದು ಪ್ರವಾಸಿಗಳ ತಂಗುದಾಣ. ಕಾಕನಕೋಟೆಯಲ್ಲಿ 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಆಮೇಲೆ ಕಬಿನಿಯ ಅಣೆಕಟ್ಟಿನ ನೀರು ಏರಿ ಕಾಡೂ ಹಳ್ಳಿಗಳೂ ಮುಳುಗಿದುವು. ಹಿನ್ನೀರಿನ ದಡದಲ್ಲಿ ವಿಹಾರಗೃಹಗಳು ಎದ್ದಾಗ, ಖೆಡ್ಡಾಗಳಲ್ಲಿ ದುಡಿದ ಕುರುಬರನ್ನು ಕೇಳಿದವರು ಯಾರು? ನಾಗರಹೊಳೆಯ ಮೂರ್ಕಲ್ಲಿನಲ್ಲಿ ದೊಡ್ಡದೊಂದು ಹೋಟೆಲ್ ಸಂಸ್ಥೆಗೆ ಕಾಡಿನೊಳಗಣ ಕಟ್ಟಡಗಳನ್ನು ಗುತ್ತಿಗೆ ಕೊಟ್ಟಾಗ ಹಾಡಿಗಳ ಜನ ಎದ್ದು ನಿಂತರು. 1980ರ ಅರಣ್ಯ ಸಂರಕ್ಷಣಾ ಕಾನೂನಿನಂತೆ ಕೇಂದ್ರದ ಅನುಮತಿ ಪಡೆದಿಲ್ಲವೆಂದು 1997ರಲ್ಲಿ ಉಚ್ಚ ನ್ಯಾಯಾಲಯವು ಆ ಯೋಜನೆಯನ್ನು ತಡೆಯಿತು. ಅತಿಥಿಯನ್ನು ಕರೆಯುವ ಮುನ್ನ ನೆರೆಯವರನ್ನು ಕೇಳುವುದು ಗೃಹಸ್ಥಧರ್ಮ. ಬೆಟ್ಟದ ಅರಮನೆಗೂ ಅದೇ ಧರ್ಮ ಸಲ್ಲತಕ್ಕುದು. ಮೇಲಣ ಊರಿನವರಿಗೆ ಅಲ್ಲಿ ಕೆಲಸ ಸಿಗಬೇಕು. ಬರಿಯ ಕಾವಲುಗಾರನ ಕೆಲಸವಲ್ಲ, ಅಡುಗೆಯ, ಲೆಕ್ಕದ, ಮೇಲ್ವಿಚಾರಣೆಯ ಕೆಲಸವೂ ಸಿಗಬೇಕು. ತಿಂಗಳಿಗೊಂದು ದಿನ ಶಾಲೆಯ ಮಕ್ಕಳು ಕಾಸಿಲ್ಲದೆ ಒಳಹೊಕ್ಕು ನೋಡುವಂತಿರಬೇಕು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಮಗನೋ ಮಗಳೋ ಅಳಿಯನೋ ಕಂಪೆನಿಯಲ್ಲಿರುವ ಮನೆಗಳು ಇಂದು ವಿರಳವಲ್ಲ. ಅರಮನೆಯ ಒಡೆಯರಿಗೆ ನಮ್ಮ ಮಾತು ಮುಟ್ಟದಿರಬಹುದು, ಮಕ್ಕಳಿಗೆ ಮುಟ್ಟೀತು. ಮುಂದಿನ ಕೂಟಕ್ಕೆ ಸ್ಥಳ ಗೊತ್ತುಮಾಡುವಾಗ, ಎಷ್ಟು ಜನ ಹೋಗುವಿರಿ, ಏನನ್ನು ತೀರ್ಮಾನಿಸಲು ಹೋಗುವಿರಿ ಎಂಬ ಎರಡು ಪ್ರಶ್ನೆಗಳನ್ನು ಅವರಿಗೆ ಕೇಳಿರಿ. ಉತ್ತರ ತಡವರಿಸಿದರೆ, ಬೆಟ್ಟ ಹತ್ತುವ ಶ್ರಮ ಬೇಡವೆಂದು ಹೇಳಿರಿ.